ಪದ್ಮಿನಿ ಎಂಜಿನ್ ಬಿಚ್ಚುವ ಮುಂಚೆ: ಬೋರಿಂಗ್, ಫೇಸಿಂಗ್, ಕಂಪ್ರೆಷನ್ ಲೆಕ್ಕ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1979ರದ್ದು. ಅಪ್ಪ ಮಂಡ್ಯದ ಬೆಲ್ಲದ ಮಂಡಿಗೆ ಅದರಲ್ಲೇ ಹೋಗಿ ಬರುತ್ತಿದ್ದರು. ಅವರು ಹೋದ ಮೇಲೆ ಗಾಡಿ ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಬೇಸಿಗೆ ರಜೆಯಲ್ಲಿ ನಾನು ಎಂಜಿನ್ ಇಳಿಸಿದೆ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಸ್ಪ್ಯಾನರ್ ಹಿಡಿಯುವುದನ್ನು ಅಪ್ಪನಿಂದ ಕಲಿತೆ. ಅಳತೆ ಬರೆದಿಟ್ಟುಕೊಳ್ಳುವುದು ಮಾತ್ರ ನನ್ನದೇ ಅಭ್ಯಾಸ. ಈ ಬರಹ ಪೂರ್ತಿ ಆ ನೋಟ್‌ಬುಕ್ಕಿನಿಂದ ಬಂದದ್ದು. ಹಳೇ ಗಾಡಿಯ ಎಂಜಿನ್ ಕೆಲಸಕ್ಕೆ ಕೈ ಹಾಕುವವರು ಲೇತ್ ಶಾಪಿಗೆ ಹೋಗುವ ಮುಂಚೆ ಏನೇನು ತೀರ್ಮಾನ ಮಾಡಿಕೊಂಡಿರಬೇಕು ಅಂತ ಹೇಳುವುದೇ ಇದರ ಉದ್ದೇಶ.

ಮೊದಲು ಎಂಜಿನ್ನಿನ ಪರಿಚಯ. ಇದು ಮೂಲದಲ್ಲಿ ಇಟಲಿಯ ಫಿಯೆಟ್ 1100 ಕಾರಿನದು. ಬೋರ್ (ಸಿಲಿಂಡರಿನ ಒಳಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಮಿ.ಮೀ. ನಾಲ್ಕು ಸಿಲಿಂಡರ್ ಸೇರಿ 1089 ಸಿಸಿ. ಸಿಲಿಂಡರ್‌ಗಳಿರುವ ಬ್ಲಾಕ್ ಬೀಡಿನದು, ಅದರ ಮೇಲೆ ಮುಚ್ಚಳದ ತರಹ ಕೂರುವ ಹೆಡ್ ಅಲ್ಯೂಮಿನಿಯಂ. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಕ್ಯಾಮ್ ಬ್ಲಾಕಿನೊಳಗೆ ಇದ್ದು ಪುಶ್ ರಾಡ್‌ಗಳು ವಾಲ್ವ್ ಎತ್ತುತ್ತವೆ. ಈ ಒಂದೊಂದು ವಿಷಯವೂ ಮುಂದೆ ಲೆಕ್ಕಕ್ಕೆ ಬರುತ್ತದೆ.

ಬಿಚ್ಚುವ ಆತುರ ಬೇಡ. ಗಾಡಿ ಇನ್ನೂ ಸ್ಟಾರ್ಟ್ ಆಗುವ ಸ್ಥಿತಿಯಲ್ಲಿದ್ದರೆ ಮೊದಲು ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ ನೋಡಿ. ಎಂಜಿನ್ ಬಿಸಿ ಇರಬೇಕು. ನಾಲ್ಕೂ ಪ್ಲಗ್ ತೆಗೆಯಿರಿ, ಇಗ್ನಿಷನ್ ಕಾಯಿಲಿನ ವೈರ್ ಬಿಡಿಸಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿಯಲಿ, ಇಲ್ಲದಿದ್ದರೆ ಗಾಳಿ ಒಳಗೆ ಹೋಗದೆ ಸುಳ್ಳು ರೀಡಿಂಗ್ ಬರುತ್ತದೆ. ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ನನಗೆ ಬಂದದ್ದು 100, 95, 60, 98 ಪಿಎಸ್‌ಐ. ಆಮೇಲೆ ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಒಂದು, ಎರಡು, ನಾಲ್ಕು 120ರ ಹತ್ತಿರ ಏರಿದವು. ಮೂರನೆಯದು 62ರಲ್ಲೇ ನಿಂತಿತು. ಆಯಿಲ್ ಬಿಟ್ಟಾಗ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್, ಬೋರ್ ಸವೆದಿದೆ ಅಂತ ಅರ್ಥ. ಏರದೇ ಇದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಬಿಚ್ಚಿದ ಮೇಲೆ ನೋಡಿದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಅಂಚು ಒಂದು ಕಡೆ ಸುಟ್ಟು ಹೋಗಿತ್ತು.

ಬಿಚ್ಚುವಾಗ ಬೇರಿಂಗ್ ಕ್ಯಾಪ್, ಪುಶ್ ರಾಡ್, ಟ್ಯಾಪೆಟ್ ಎಲ್ಲಕ್ಕೂ ನಂಬರ್ ಹಾಕಿ. ಯಾವುದು ಯಾವ ತೂತಿನದೋ ಅಲ್ಲಿಗೇ ವಾಪಸ್ ಹೋಗಬೇಕು. ಒಂದು ರಟ್ಟಿಗೆ ತೂತು ಮಾಡಿ ಪುಶ್ ರಾಡ್‌ಗಳನ್ನು ಸಾಲಾಗಿ ಚುಚ್ಚಿಟ್ಟರೆ ಸಾಕು.

ತೊಳೆಯುವ ವಿಷಯದಲ್ಲಿ ಒಂದು ಮಾತು ಜೋರಾಗಿಯೇ ಹೇಳುತ್ತೇನೆ. ಕೆಲವು ಕಡೆ ಬ್ಲಾಕ್ ತೊಳೆಯಲು ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಿನ ತೊಟ್ಟಿ ಇರುತ್ತದೆ. ಬೀಡಿಗೆ ಅದು ಸರಿ. ಅಲ್ಯೂಮಿನಿಯಂ ಹೆಡ್ಡನ್ನು ಅದರಲ್ಲಿ ಮುಳುಗಿಸಿದರೆ ಕಾಸ್ಟಿಕ್ ಲೋಹವನ್ನೇ ತಿಂದುಬಿಡುತ್ತದೆ. ಹೆಡ್ ಮತ್ತು ಬ್ಲಾಕ್ ಒಟ್ಟಿಗೆ ಕೊಡುವಾಗ ಬಾಯಲ್ಲಿ ಹೇಳಿದರೆ ಸಾಲದು. ನಾನು ಹೆಡ್ಡಿಗೆ ಒಂದು ಚೀಟಿ ಕಟ್ಟಿದ್ದೆ: "ಅಲ್ಯೂಮಿನಿಯಂ. ತೊಟ್ಟಿಗೆ ಹಾಕಬೇಡಿ. ಡೀಸೆಲ್ ಹಾಕಿ ಬ್ರಷ್‌ನಲ್ಲಿ ತೊಳೆಯಿರಿ."

ಬ್ಲಾಕ್ ತೊಳೆದಾದ ಮೇಲೆ ಬಿರುಕು ಇದೆಯಾ ನೋಡಿಸಿ, ಆಮೇಲೆ ಬೋರ್ ಅಳೆಯಿರಿ. ಡಯಲ್ ಬೋರ್ ಗೇಜ್ ಬೇಕು. ಮೇಲೆ, ನಡುವೆ, ಕೆಳಗೆ ಮೂರು ಕಡೆ. ಪ್ರತಿ ಕಡೆ ಎರಡು ದಿಕ್ಕು, ಕ್ರ್ಯಾಂಕ್ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಒಂದು ಸಿಲಿಂಡರಿಗೆ ಆರು, ಒಟ್ಟು 24 ಅಂಕಿ. ಸವೆತ ಜಾಸ್ತಿ ಇರುವುದು ಮೇಲಿನ ರಿಂಗ್ ನಿಲ್ಲುವ ಜಾಗದಲ್ಲಿ, ಅದೂ ಅಡ್ಡ ದಿಕ್ಕಿನಲ್ಲಿ. ನನ್ನ ಎರಡನೇ ಸಿಲಿಂಡರ್ ಮೇಲೆ 68.39, ಕೆಳಗೆ 68.28 ಇತ್ತು. ಉಳಿದವು ಇಷ್ಟು ಸವೆದಿರಲಿಲ್ಲ. ಆದರೆ ನಾಲ್ಕಕ್ಕೂ ಒಂದೇ ಸೈಜಿನ ಪಿಸ್ಟನ್ ಬೇಕಲ್ವಾ, ಹಾಗಾಗಿ ಅತಿ ಹೆಚ್ಚು ಸವೆದದ್ದೇ ತೀರ್ಮಾನ ಮಾಡುತ್ತದೆ. ಸವೆತ ಪೂರ್ತಿ ಹೋಗುವಷ್ಟೇ ಬೋರ್ ಹೊಡೆಸಬೇಕು, ಅಂದರೆ ಗೋಡೆ ಕೊರೆಸಿ ಅಗಲ ಮಾಡಿಸಬೇಕು, ಅದಕ್ಕಿಂತ ಒಂದು ಸೈಜೂ ಜಾಸ್ತಿ ಬೇಡ. ಇನ್ನೊಂದು ಸಲ ಕೆಲಸ ಬಂದಾಗ ಆ ಗೋಡೆ ಉಳಿದಿರಬೇಕು. ಗೋಡೆಯೇ ಉಳಿದಿಲ್ಲ ಅಂದಾಗ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸುವುದು.

ಹೊಸ ಬೋರ್ 68 ಇರಬೇಕಾದ ಕಡೆ ಕೆಳಗೂ 68.28 ಯಾಕೆ ಇತ್ತು? ಅದಕ್ಕೊಂದು ಕಥೆಯಿದೆ. 2009ರಲ್ಲಿ ಅಪ್ಪ ಒಂದು ಕಡೆ ಬೋರ್ ಮಾಡಿಸಿದ್ದರು. ಪಿಸ್ಟನ್ ಇನ್ನೂ ಬಂದಿರಲಿಲ್ಲ. "0.25 ಓವರ್‌ಸೈಜ್ ತಾನೆ, ಮಾಡಿಟ್ಟಿರ್ತೀವಿ" ಅಂತ ಅವರು ಬೋರ್ ಹೊಡೆದೇಬಿಟ್ಟರು. ವಾರ ಬಿಟ್ಟು ಪಿಸ್ಟನ್ ಬಂತು. ಅಳೆದು ನೋಡಿದರೆ ಬೋರ್ ಸಡಿಲ. ಹಾಗೇ ಕೂರಿಸಿ ಕಳಿಸಿದರು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಗೋಡೆಗೆ ಬಡಿಯುವ ಟಕಟಕ ಸದ್ದು ನಮ್ಮ ಬೀದಿಯ ತುದಿವರೆಗೂ ಕೇಳುತ್ತಿತ್ತು. ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ಅಪ್ಪ ಹತ್ತು ವರ್ಷ ಆ ಸದ್ದಿನಲ್ಲೇ ಓಡಿಸಿದರು.

ಹಾಗಾಗಿ ಮೊದಲ ನಿಯಮ: ಸಾಮಾನು ಕೈಗೆ ಬರದೆ ಲೋಹಕ್ಕೆ ಕೈ ಹಾಕಿಸಬೇಡಿ. ಪಿಸ್ಟನ್, ರಿಂಗ್, ಮೇನ್ ಮತ್ತು ಬಿಗ್ ಎಂಡ್ ಬೇರಿಂಗ್, ಹೆಡ್ ಗ್ಯಾಸ್ಕೆಟ್, ವಾಲ್ವ್, ಗೈಡ್ ಎಲ್ಲವೂ ಮೇಜಿನ ಮೇಲೆ ಇರಬೇಕು. ಈ ಸಲ ನಾನು ಮೂಲ ಸೈಜಿಗಿಂತ 0.50 ಮಿ.ಮೀ. ದೊಡ್ಡ ಪಿಸ್ಟನ್ ತರಿಸಿದೆ. ಗ್ಯಾರೇಜುಗಳಲ್ಲಿ ಇದಕ್ಕೆ ಇಂಚಿನ ಲೆಕ್ಕದಲ್ಲಿ (0.020 ಇಂಚು) ಟ್ವೆಂಟಿ ಓವರ್‌ಸೈಜ್ ಅಂತಾರೆ. ಒಂದೊಂದು ಪಿಸ್ಟನ್ನಿನ ಪಾದದ ಹತ್ತಿರ, ಪಿನ್ನಿಗೆ ಅಡ್ಡವಾಗಿ ಮೈಕ್ರೋಮೀಟರ್ ಹಿಡಿದು ಅಳೆದೆ. ಪಿಸ್ಟನ್ ನಿಜವಾಗಿ ಎಷ್ಟಿದೆ, ಅದಕ್ಕೆ ಬಾಕ್ಸಿನ ಮೇಲೆ ಬರೆದ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು) ಸೇರಿಸಿದರೆ ಬೋರ್ ಎಷ್ಟಾಗಬೇಕು ಅಂತ ಸಿಗುತ್ತದೆ. ನನ್ನ ಬಾಕ್ಸಿನಲ್ಲಿ 0.05 ಮಿ.ಮೀ. ಇತ್ತು. ಪಿಸ್ಟನ್ ಮೇಲೆ ಮಾರ್ಕರ್‌ನಲ್ಲಿ 1, 2, 3, 4 ಅಂತ ಬರೆದು, ಯಾವುದು ಯಾವ ಬೋರಿಗೆ ಅಂತ ಚೀಟಿಯಲ್ಲೂ ಬರೆದೆ.

ಬ್ಲಾಕನ್ನು ತಮ್ಮನ ಟಾಟಾ ಏಸ್‌ನಲ್ಲಿ ಹಾಕಿಕೊಂಡು ಮೈಸೂರಿಗೆ ಹೋದೆವು. ಮಂಡ್ಯದಲ್ಲೂ ಒಳ್ಳೆಯ ಲೇತ್ ಶಾಪ್ ಇವೆ. ಟ್ರ್ಯಾಕ್ಟರ್, ಪಂಪ್‌ಸೆಟ್ ಕೆಲಸದಲ್ಲಿ ಪಳಗಿದವರು. ಆದರೆ ಕಾರಿನ ಸಣ್ಣ ಬೋರಿಗೆ ಹೋನಿಂಗ್ (ಕೊರೆದ ಗೋಡೆಯನ್ನು ಕಲ್ಲಿನಲ್ಲಿ ಉಜ್ಜುವ) ಮಷಿನ್ ಇರುವ ಕಡೆ ಹೋಗುವುದು ಮೇಲು ಅನ್ನಿಸಿತು. ಬೋರಿಂಗ್ ಅಣ್ಣ ನನ್ನ ಪಟ್ಟಿ ಎರಡು ಸಲ ಓದಿದರು.

"ಯಾರು ಮೇಡಂ ಬರೆದಿದ್ದು?"

"ನಾನೇ ಅಣ್ಣ. ತಪ್ಪಿದ್ರೆ ಹೇಳಿ."

"ತಪ್ಪಿಲ್ಲ. ಮೇನ್ ಕ್ಯಾಪ್ ತಂದಿದ್ದೀರಾ?"

ಆ ಪ್ರಶ್ನೆ ಕೇಳಿದ ತಕ್ಷಣ ನನಗೆ ಅವರ ಮೇಲೆ ನಂಬಿಕೆ ಬಂತು. ಮೇನ್ ಬೇರಿಂಗ್ ಕ್ಯಾಪ್ ಬಿಗಿ ಮಾಡಿದಾಗ ಬ್ಲಾಕ್ ಒಂದು ಚೂರು ಎಳೆದುಕೊಳ್ಳುತ್ತದೆ. ಓಡುವಾಗ ಅದು ಹಾಗೇ ಬಿಗಿಯಾಗಿರುತ್ತದೆ. ಆದ್ದರಿಂದ ಕ್ಯಾಪ್ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿಯೇ ಬೋರ್ ಹೊಡೆಯಬೇಕು. ಬೋರಿಂಗ್ ಮುಗಿದ ಮೇಲೆ ಹೋನಿಂಗ್. ಗೋಡೆ ಮೇಲೆ ಎರಡೂ ದಿಕ್ಕಿನ ಗೆರೆಗಳು ಒಂದನ್ನೊಂದು ದಾಟಿ ಜಾಲರಿ ತರಹ ಕಾಣಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ, ರಿಂಗ್ ಕೂರುವುದು ಅದರಿಂದಲೇ. ಗೋಡೆ ಕನ್ನಡಿ ತರಹ ಹೊಳೆಯುತ್ತಿದ್ದರೆ ಕೆಲಸ ಮುಗಿದಿಲ್ಲ.

ರಿಂಗ್ ಗ್ಯಾಪ್ ಮನೆಯಲ್ಲೇ ನೋಡಬಹುದು. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಒಂದಿಂಚು ಕೆಳಗೆ ತಳ್ಳಿದರೆ ನೆಟ್ಟಗೆ ಕೂರುತ್ತದೆ. ರಿಂಗಿನ ಎರಡು ತುದಿಗಳ ನಡುವೆ ಫೀಲರ್ ಗೇಜ್ (ದಪ್ಪ ಬರೆದಿರುವ ತೆಳು ಪಟ್ಟಿ) ಹಾಕಿ. ಈ ಬೋರಿಗೆ ಮೇಲಿನ ರಿಂಗಿಗೆ 0.25ರಿಂದ 0.30 ಮಿ.ಮೀ. ಸರಿ. ತೀರಾ ಕಡಿಮೆ ಇದ್ದರೆ ಬಿಸಿಗೆ ಎರಡೂ ತುದಿ ಕೂಡಿಕೊಂಡು ಬೋರ್ ಗೀರುತ್ತದೆ.

ಕ್ರ್ಯಾಂಕಿನದು ಬೇಗ ಹೇಳಿಬಿಡುತ್ತೇನೆ. ಜರ್ನಲ್ (ಬೇರಿಂಗ್ ಕೂರುವ ಭಾಗ) ಅಳೆಸಿ, ದುಂಡಗಿದ್ದರೆ ಪಾಲಿಶ್ ಸಾಕು, ಇಲ್ಲದಿದ್ದರೆ ಗ್ರೈಂಡಿಂಗ್. ಗ್ರೈಂಡ್ ಮಾಡಿದರೆ ಜರ್ನಲ್ ಪಕ್ಕದ ಮೂಲೆಯ ಗುಂಡು ಹಾಗೇ ಉಳಿಸಿ ಅಂತ ಹೇಳಿ. ಮೂಲೆ ಚೂಪಾದರೆ ಕ್ರ್ಯಾಂಕ್ ಮುರಿಯುವುದು ಅಲ್ಲಿಂದಲೇ. ಆಯಿಲ್ ದಾರಿಗಳ ಪ್ಲಗ್ ತೆಗೆಸಿ ತೊಳೆಸಿ. ಕನೆಕ್ಟಿಂಗ್ ರಾಡ್ ನೆಟ್ಟಗಿದೆಯಾ ನೋಡಿಸಿ.

ಹೆಡ್ಡಿನ ಕೆಲಸಕ್ಕೂ ಕ್ರಮ ಇದೆ. ಮೊದಲು ಗೈಡ್, ಅಂದರೆ ವಾಲ್ವಿನ ಕಡ್ಡಿ ಓಡುವ ಕೊಳವೆ. ಆಮೇಲೆ ಸೀಟ್, ಅಂದರೆ ವಾಲ್ವ್ ಕೂರುವ ಉಂಗುರ. ಸೀಟ್ ಕಟಿಂಗ್ ಮಾಡುವ ಕಟ್ಟರ್ ಗೈಡಿನೊಳಗೇ ನಿಂತು ತಿರುಗುತ್ತದೆ. ಗೈಡ್ ಸಡಿಲ ಇದ್ದರೆ ಸೀಟ್ ಓರೆ. ನಮ್ಮ ದೇಶದಲ್ಲಿ ಸೀಸ ಹಾಕಿದ ಪೆಟ್ರೋಲ್ 2000ದಲ್ಲಿ ನಿಂತಿತು. ಸೀಸ ಎಕ್ಸಾಸ್ಟ್ ಸೀಟಿಗೆ ಒಂದು ಪದರದ ತರಹ ರಕ್ಷಣೆ ಕೊಡುತ್ತಿತ್ತು. ಹೇಗೂ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸೀಟ್ ಬೇರೆ ಲೋಹದ್ದೇ. ಹಳೇ ಎಕ್ಸಾಸ್ಟ್ ಸೀಟ್ ಸವೆದಿದ್ದರೆ ಗಟ್ಟಿ ಲೋಹದ್ದು ಹಾಕಿಸಿ. ನಾನು ನಾಲ್ಕೂ ಬದಲಾಯಿಸಿದೆ. ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ಅಡಿ ಮೇಲ್ಮೈಯನ್ನು ತೆಳ್ಳಗೆ ಕೆತ್ತಿ ಸಮ ಮಾಡುವುದು, ಮಾತ್ರ ಈಗಲೇ ಮಾಡಿಸಬೇಡಿ. ಅದು ಕಟ್ಟಕಡೆಗೆ, ಯಾಕೆ ಅಂತ ಈಗ ನೋಡೋಣ.

ಕಂಪ್ರೆಷನ್ ರೇಷಿಯೋ ಅಂದರೆ ಇಷ್ಟೇ. ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿ ಎಷ್ಟು ಜಾಗ, ಮೇಲೆ ಬಂದಾಗ ಎಷ್ಟು ಜಾಗ, ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ಪಿಸ್ಟನ್ ತಳ್ಳುವ ಜಾಗ ಸುಲಭ. ಬೋರ್ 68.5, ಸ್ಟ್ರೋಕ್ 75, ಅಂದರೆ ಒಂದು ಸಿಲಿಂಡರಿಗೆ 276.4 ಸಿಸಿ. ಹಳೇ 68ರ ಬೋರಿಗೆ ಇದು 272.4 ಇತ್ತು. ಉಳಿಯುವ ಜಾಗಕ್ಕೆ ಮೂರು ಪಾಲು: ಹೆಡ್ಡಿನ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ), ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ ಅನ್ನುವುದು. ಪಿಸ್ಟನ್ ತಲೆಯಲ್ಲಿ ಗುಳಿ ಅಥವಾ ಉಬ್ಬು ಇದ್ದರೆ ಅದನ್ನೂ ಸೇರಿಸಬೇಕು ಅಥವಾ ಕಳೆಯಬೇಕು. ನನ್ನ ಸೆಟ್ಟಿನದು ಚಪ್ಪಟೆ.

ಚೇಂಬರ್ ಅಳೆಯಲು ನಮ್ಮ ಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಿಂದ 50 ಸಿಸಿ ಬ್ಯೂರೆಟ್ ತಂದೆ, ಸ್ಟ್ಯಾಂಡ್ ಸಮೇತ. ಸೀಟ್ ಕೆಲಸ ಮುಗಿದ ಹೆಡ್ಡಿಗೆ ವಾಲ್ವ್, ಸ್ಪ್ರಿಂಗ್, ಪ್ಲಗ್ ಹಾಕಿ ಊಟದ ಮೇಜಿನ ಮೇಲೆ ಮಗುಚಿಟ್ಟೆ. ಒಂದು ಪಕ್ಕ ಸ್ವಲ್ಪ ಎತ್ತರ ಇರಲಿ. ಚೇಂಬರಿನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಅಂಗೈಯಗಲದ ಪ್ಲಾಸ್ಟಿಕ್ ಗಾಜನ್ನು ಒತ್ತಿ ಕೂರಿಸಿದೆ. ಎತ್ತರದ ಪಕ್ಕದ ಅಂಚಿಗೆ ಗಾಜಿನಲ್ಲಿ ಒಂದು ಸಣ್ಣ ತೂತು ಕೊರೆದಿದ್ದೆ. ಸೀಮೆಎಣ್ಣೆಗೆ ಎರಡು ತೊಟ್ಟು ಎಂಜಿನ್ ಆಯಿಲ್ ಹಾಕಿದರೆ ಬಣ್ಣ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಬ್ಯೂರೆಟ್ ಸೊನ್ನೆಗೆ ತುಂಬಿ, ತೂತಿನ ಮೂಲಕ ನಿಧಾನಕ್ಕೆ ಬಿಟ್ಟೆ. ಎಣ್ಣೆ ವಾಲ್ವಿನ ಸುತ್ತ ಹರಡಿ, ಗಾಜಿನ ಅಡಿಗೆ ಅಂಟಿಕೊಂಡು, ಕೊನೆಗೆ ಒಂದೇ ಒಂದು ಗುಳ್ಳೆ ಉಳಿಯುತ್ತದೆ. ಆ ಗುಳ್ಳೆ ತೂತಿನ ಕಡೆಗೆ ಜಾರಿ ಬರುವವರೆಗೂ ತೊಟ್ಟು ತೊಟ್ಟಾಗಿ ಬಿಡಬೇಕು. ಗುಳ್ಳೆ ಹೋದ ಕ್ಷಣ ನಿಲ್ಲಿಸಿ ಓದಬೇಕು. ಮೂರು ಸಲ ಅಳೆದು ಮೂರೂ ಹತ್ತಿರ ಬಂದರೆ ಮಾತ್ರ ಬರೆದುಕೊಳ್ಳಿ. ಅಂದ ಹಾಗೆ, ಅಳೆಯುವಾಗ ಎಣ್ಣೆ ಪೋರ್ಟ್ ಕಡೆ ಜಿನುಗಿದರೆ ಆ ವಾಲ್ವ್ ಇನ್ನೂ ಸರಿಯಾಗಿ ಕೂತಿಲ್ಲ. ಒಂದೇ ಕೆಲಸದಲ್ಲಿ ಎರಡು ಪರೀಕ್ಷೆ.

ನನಗೆ ಸಿಕ್ಕಿದ್ದು 35.2, 34.8, 35.6, 34.4. ನಾಲ್ಕೂ ಒಂದೇ ಆದರೆ ಎಂಜಿನ್ ನಯವಾಗಿ ಓಡುತ್ತದೆ. ಚೇಂಬರ್ ಒಳಗಿಂದ ಲೋಹ ಉಜ್ಜಿದರೆ ಜಾಗ ಜಾಸ್ತಿ ಆಗುತ್ತದೆ, ಕಡಿಮೆ ಆಗುವುದಿಲ್ಲ. ಹಾಗಾಗಿ ದೊಡ್ಡದಾದ 35.6ಕ್ಕೆ ಉಳಿದ ಮೂರನ್ನು ತಂದೆ. ಸಣ್ಣ ಗ್ರೈಂಡರಿನಲ್ಲಿ ಒಂದು ಚೂರು ಉಜ್ಜು, ಅಳೆ, ಮತ್ತೆ ಉಜ್ಜು. ಸೀಟಿಗೆ ತಾಗದ ಹಾಗೆ ಹಳೇ ವಾಲ್ವ್ ಕೂರಿಸಿಕೊಂಡೇ ಉಜ್ಜಬೇಕು. ಎರಡು ಭಾನುವಾರ ಹಿಡಿಯಿತು.

ಗ್ಯಾಸ್ಕೆಟ್ ಬಿಗಿ ಮಾಡಿದ ಮೇಲೆ 1.2 ಮಿ.ಮೀ. ದಪ್ಪ, ಅದರ ತೂತು 70 ಮಿ.ಮೀ. ಅಲ್ಲಿಗೆ 4.6 ಸಿಸಿ. ಹಳೇ ಗ್ಯಾಸ್ಕೆಟ್ ಒತ್ತಿ ಚಪ್ಪಟೆಯಾಗಿರುತ್ತದೆ, ಅದನ್ನೇ ಅಳೆಯಿರಿ. ಕ್ರ್ಯಾಂಕ್, ಒಂದು ರಾಡ್, ಒಂದು ಪಿಸ್ಟನ್ ರಿಂಗ್ ಇಲ್ಲದೆ ಸುಮ್ನೆ ಜೋಡಿಸಿ ನೋಡಿದಾಗ ಪಿಸ್ಟನ್ 0.4 ಮಿ.ಮೀ. ಕೆಳಗೆ ನಿಂತಿತ್ತು. ಅದು 1.5 ಸಿಸಿ. ಒಟ್ಟು 41.7. ರೇಷಿಯೋ 7.63. ಹಳೇ ಬೋರ್ ಇದ್ದಿದ್ದರೆ 7.53 ಆಗುತ್ತಿತ್ತು. ನೋಡಿ, ಬರೀ ಬೋರಿಂಗಿನಿಂದಲೇ 0.1 ಏರಿತು.

ಎಷ್ಟಕ್ಕೆ ತರಬೇಕು? ರೇಷಿಯೋ ಹೆಚ್ಚಾದರೆ ಪೆಟ್ರೋಲ್ ಅಂಕೆ ತಪ್ಪಿ ಹೊತ್ತಿ ನಾಕಿಂಗ್ ಸದ್ದು ಬರುತ್ತದೆ; ಅದನ್ನು ತಡೆಯುವ ಗುಣದ ಅಂಕಿಯೇ ಆಕ್ಟೇನ್. ಈ ಎಂಜಿನ್ ಹುಟ್ಟಿದ ಕಾಲದ ಪೆಟ್ರೋಲಿನ ಆಕ್ಟೇನ್ ಕಡಿಮೆ. ಈಗ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲೇ 91ಕ್ಕೆ ಕಡಿಮೆ ಇಲ್ಲ. ಹಾಗಂತ 9ಕ್ಕೆ ಹೋಗಬಾರದು. ಮೂರೇ ಮೇನ್ ಬೇರಿಂಗ್, ಹಳೇ ಕಾಲದ ಚೇಂಬರ್ ಆಕಾರ, ನಮ್ಮ ಏಪ್ರಿಲ್ ಬಿಸಿಲು. ದಿನಾ ಓಡಿಸುವ ಗಾಡಿಗೆ 8 ಸಾಕು ಅಂತ ನನ್ನ ತೀರ್ಮಾನ.

8 ಬೇಕಾದರೆ ಉಳಿಯುವ ಜಾಗ 276.4ರ ಏಳನೇ ಒಂದು ಭಾಗ, ಅಂದರೆ 39.5 ಸಿಸಿ. ನನ್ನದು 41.7. ಕಡಿಮೆ ಮಾಡಬೇಕಾದ್ದು 2.2. ಬ್ಲಾಕಿನ ಮೇಲ್ಮೈ ಗ್ಯಾಸ್ಕೆಟ್ ಸುತ್ತ ಗುಳಿ ಬಿದ್ದಿದ್ದರಿಂದ ಹೇಗೂ 0.2 ಮಿ.ಮೀ. ಫೇಸಿಂಗ್ ಬೇಕಿತ್ತು. ಅದರಿಂದ 0.74 ಬಂತು. ಉಳಿದ 1.46 ಹೆಡ್ಡಿನಿಂದ ಬರಬೇಕು. ಹೆಡ್ ಒಂದು ಮಿ.ಮೀ. ತೆಗೆದರೆ ಎಷ್ಟು ಸಿಸಿ ಕಡಿಮೆ ಆಗುತ್ತದೆ ಅಂತ ತಿಳಿಯಲು ಚೇಂಬರಿನ ಮೇಲೆ ಗ್ರಾಫ್ ಹಾಳೆ ಒತ್ತಿ ಅಂಚು ಮೂಡಿಸಿ ಚೌಕ ಎಣಿಸಿದೆ. 29 ಚದರ ಸೆಂ.ಮೀ. ಅಂದರೆ ಮಿ.ಮೀ.ಗೆ 2.9 ಸಿಸಿ. 1.46ಕ್ಕೆ ಅರ್ಧ ಮಿ.ಮೀ. ಚೀಟಿಯಲ್ಲಿ "ಹೆಡ್ ಫೇಸಿಂಗ್ 0.50, ಬ್ಲಾಕ್ 0.20, ಇದಕ್ಕಿಂತ ಜಾಸ್ತಿ ಬೇಡ, ಬೇಕಾದರೆ ಫೋನ್ ಮಾಡಿ" ಅಂತ ಬರೆದೆ. ಸೀಟ್ ಕಟಿಂಗ್‌ಗೆ ಮುಂಚೆಯೇ ಫೇಸಿಂಗ್ ಮಾಡಿಸಿದ್ದರೆ ಈ ಅಂಕಿ ಸಿಗುತ್ತಲೇ ಇರಲಿಲ್ಲ. ಸೀಟ್ ಕತ್ತರಿಸಿದಾಗ ವಾಲ್ವ್ ಒಳಗೆ ಇಳಿಯುತ್ತದೆ, ಚೇಂಬರ್ ದೊಡ್ಡದಾಗುತ್ತದೆ.

ಫೇಸಿಂಗ್ ಆಗಿ ಬಂದ ಮೇಲೆ ವಾಲ್ವ್ ಪಿಸ್ಟನ್ನಿಗೆ ತಾಗುತ್ತದಾ ನೋಡಲೇಬೇಕು. ಮಕ್ಕಳು ಆಡುವ ಕ್ಲೇಯನ್ನು ಪಿಸ್ಟನ್ ತಲೆಗೆ ಅಂಟಿಸಿ, ಮೇಲೆ ಒಂದು ತೊಟ್ಟು ಎಣ್ಣೆ ಸವರಿ, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿ ಮಾಡಿ. ಟೈಮಿಂಗ್ ಚೈನ್ ಹಾಕಿ, ಟ್ಯಾಪೆಟ್ ಅಡ್ಜಸ್ಟ್ ಮಾಡಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಬಿಚ್ಚಿ ಬ್ಲೇಡಿನಲ್ಲಿ ಕ್ಲೇ ಕತ್ತರಿಸಿ, ಅತಿ ತೆಳುವಾದ ಕಡೆ ಅಳೆಯಿರಿ. 2 ಮಿ.ಮೀ.ಗಿಂತ ಕಡಿಮೆ ಇರಬಾರದು. ಹೆಡ್ ಕೆಳಗಿಳಿದಿದೆ, ಪುಶ್ ರಾಡ್ ಉದ್ದ ಅಷ್ಟೇ ಇದೆ. ಆದ್ದರಿಂದ ಟ್ಯಾಪೆಟ್ ಸ್ಕ್ರೂನಲ್ಲಿ ಇನ್ನೂ ಅಡ್ಜಸ್ಟ್ ಮಾಡುವ ಜಾಗ ಉಳಿದಿದೆಯಾ ಅದನ್ನೂ ನೋಡಿ. ಉಳಿದಿಲ್ಲದಿದ್ದರೆ ರಾಕರ್ ಸ್ಟ್ಯಾಂಡ್ ಅಡಿಗೆ ಶಿಮ್ (ತೆಳು ತಗಡು) ಹಾಕಿಸಿ.

ಜೋಡಿಸುವ ದಿನದ ಮುಂಚೆ ಬ್ಲಾಕ್ ನೀವೇ ಮತ್ತೆ ತೊಳೆಯಿರಿ. ಶಾಪಿನಲ್ಲಿ ತೊಳೆದಿದ್ದರೂ ಸರಿ. ಹೋನಿಂಗ್ ಕಲ್ಲಿನ ಪುಡಿ ಗೆರೆಗಳೊಳಗೆ ಕೂತಿರುತ್ತದೆ, ಪೆಟ್ರೋಲಿಗೆ ಬರುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಬ್ರಷ್. ನಮ್ಮ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೊಳೆದೆ. ಆಯಿಲ್ ದಾರಿಗಳಿಗೂ ಉದ್ದನೆಯ ಬ್ರಷ್ ಹಾಕಿ. ಆಮೇಲೆ ಬಿಳಿ ಪಂಚೆ ಚೂರಿಗೆ ಆಯಿಲ್ ಅದ್ದಿ ಬೋರ್ ಒರೆಸಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದರೆ ಇನ್ನೊಂದು ಸಲ ತೊಳೆಯಿರಿ. ನನಗೆ ಐದನೇ ಬಟ್ಟೆ ಬೆಳ್ಳಗೆ ಬಂತು. ಒಣಗಿದ ತಕ್ಷಣ ಆಯಿಲ್ ಸವರಿ, ಹತ್ತು ನಿಮಿಷ ಬಿಟ್ಟರೂ ತುಕ್ಕು ಕಾಣಿಸುತ್ತದೆ.

ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಅದಕ್ಕೆ ತಡೆಯುವುದಿಲ್ಲ. ಎಂಜಿನ್ ಹೊರಗಿರುವಾಗಲೇ ಬದಲಾಯಿಸಿಬಿಡಿ.

ಸ್ಟಾರ್ಟ್ ಮಾಡಿದ ಮೇಲೆ ಐಡಲ್‌ನಲ್ಲಿ ನಿಲ್ಲಿಸಿ ನೋಡುತ್ತಾ ಕೂರಬೇಡಿ. ಕ್ಯಾಮ್, ಟ್ಯಾಪೆಟ್ ಹೊಸದಾಗಿದ್ದರೆ ಮೊದಲ 20 ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲೇ ಇರಲಿ. ನಂತರ ರಸ್ತೆಗೆ ತೆಗೆಯಿರಿ, ಸ್ವಲ್ಪ ಎಳೆಸಿ, ಸ್ವಲ್ಪ ಬಿಡಿ. ರಿಂಗ್ ಕೂರುವುದು ಎಳೆತದಲ್ಲಿ. 500 ಕಿ.ಮೀ.ಗೆ ಆಯಿಲ್ ಬದಲಾಯಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್ ನಟ್‌ಗಳಿಗೆ ಮತ್ತೆ ಟಾರ್ಕ್ ಕೊಟ್ಟು, ಟ್ಯಾಪೆಟ್ ನೋಡಿ.

1000 ಕಿ.ಮೀ. ಆದ ಮೇಲೆ ಗೇಜ್ ಹಾಕಿದೆ. 130, 128, 131, 129. ಪುಸ್ತಕದ ಅಂಕಿಗೆ ಹೋಲಿಸಿ ಕಡಿಮೆ ಅಂತ ಗಾಬರಿ ಬೇಡ. ಮಂಡ್ಯ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ, ಮೈಸೂರು ಇನ್ನೂ ಎತ್ತರ. ಇಲ್ಲಿ ಗಾಳಿಯ ಒತ್ತಡವೇ ಶೇಕಡ 7–8 ಕಡಿಮೆ, ಗೇಜೂ ಅಷ್ಟು ಕಡಿಮೆ ತೋರಿಸುತ್ತದೆ. ನಾಲ್ಕೂ ಒಂದಕ್ಕೊಂದು ಹತ್ತಿರ ಇರುವುದು ಮುಖ್ಯ.

ಕೊನೆಯ ಪರೀಕ್ಷೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಮೇಲುಕೋಟೆ ಹತ್ತಿಸಿದೆ. ಅಮ್ಮ ಪಕ್ಕದಲ್ಲಿ, ತಮ್ಮ ಹಿಂದೆ, ಗಾಡಿ ತುಂಬಾ ಭಾರ. ಏರಿನಲ್ಲಿ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ, ಕಿಟಕಿ ಇಳಿಸಿ ಕಿವಿ ಕೊಟ್ಟೆ. ಒಂದು ತಿರುವಿನಲ್ಲಿ ಗಾಜಿನ ಗೋಲಿ ಅಲ್ಲಾಡಿಸಿದಂಥ ನಾಕಿಂಗ್ ಸಣ್ಣಗೆ ಕೇಳಿಸಿತು. ಮೇಲೆ ಕಲ್ಯಾಣಿ ಹತ್ತಿರ ನಿಲ್ಲಿಸಿ, ಎಂಜಿನ್ ತಣ್ಣಗಾಗಲು ಬಿಟ್ಟು, ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲಿಸಿ ಟೈಮಿಂಗ್ ಒಂದು ಕೂದಲಷ್ಟು ಹಿಂದಕ್ಕೆ ತಿರುಗಿಸಿದೆ. ಕೆಳಗಿಳಿದು ಅದೇ ಏರು ಮತ್ತೆ ಹತ್ತಿಸಿದೆ. ಸದ್ದು ಇರಲಿಲ್ಲ. ಬೋಲ್ಟ್ ಬಿಗಿ ಮಾಡಿ, ಬಿಳಿ ಪೇಂಟಿನಲ್ಲಿ ಗುರುತು ಹಾಕಿದೆ.